ಅರಳೆಯ ಕೆಮ್ಮು

ಬೆಳಗಿನ ಕಸ ಗುಡಿಸುತ್ತಿದ್ದ ಶಮಶಾದಬಿಗೆ ಆ ಅರಳೆಯ ಉಂಡೆ ಸಿಕ್ಕಿದ್ದು ಹಿಂಜುವ ಮಷಿನ್ನಿನ ಹಿಂದೆ, ಗೋಡೆಯ ಸಂದಿಯಲ್ಲಿ. ಯಾರೋ ಬೇಕಂತಲೇ ಒಳಗೆ ತುರುಕಿದ ಹಾಗಿತ್ತು. ಗಾದಿ ಮಾಡುವವರ ಮನೆಯಲ್ಲಿ ಅರಳೆ ಸಿಗುವುದೇನು ದೊಡ್ಡ ಮಾತಲ್ಲ. ಮುಸುರೆ ಪಾತ್ರೆಯಲ್ಲಿ ಸಿಗುತ್ತದೆ, ತಲೆಗೂದಲಲ್ಲಿ ಸಿಗುತ್ತದೆ, ಹಬ್ಬದ ದಿನ ಬಿರಿಯಾನಿಯಲ್ಲೂ ಸಿಕ್ಕಿ ಬೀಗರ ಮುಂದೆ ಮಾನ ಹೋದದ್ದುಂಟು. ಆದರೆ ಈ ಉಂಡೆಯನ್ನು ಬಿಡಿಸಿ ನೋಡಿದರೆ ಒಳಗೆ ಕೆಂಪಗಿತ್ತು. ಒಂದು ಕಡೆ ಒಣಗಿ ಕಂದಾಗಿತ್ತು, ಇನ್ನೊಂದು ಕಡೆ ಇನ್ನೂ ಹಸಿಯಾಗಿತ್ತು.

ಅವಳಿಗೆ ಮೊದಲು ನೆನಪಾದದ್ದು ಮಗಳು. ಎರಡು ವರ್ಷದಿಂದ ಆ ಮನೆಯಲ್ಲಿ ರಕ್ತವೆಂದರೆ ಮೆಹರುನ್ನಿಸಾಳದು. ಆದರೆ ಮೆಹರು ಮನೆಯ ಮುಂಭಾಗದ ಈ ಅಂಗಡಿಗೆ ಕಾಲಿಡದೆ ತಿಂಗಳುಗಳಾಗಿದ್ದವು. ಧೂಳು ಬೇಡವೆಂದು ತಾಯಿಯೇ ಅವಳನ್ನು ಹಿಂದಿನ ಕೋಣೆಯಿಂದ ಈಚೆಗೆ ಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ಮಲಗುತ್ತಿದ್ದವನು ಗಂಡ ಇಬ್ರಾಹಿಂಸಾಬ ಒಬ್ಬನೇ. ಒಳಗೆ ಸೆಕೆ ಎಂದು ಹಾಸಿಗೆ ಸುತ್ತಿಕೊಂಡು ಬಂದವನು, ಸೆಕೆ ಹೋದ ಮೇಲೂ ಒಳಗೆ ಬಂದಿರಲಿಲ್ಲ. ಅವಳು ಅದನ್ನು ಮುಪ್ಪಿನ ಹಟ ಅಂದುಕೊಂಡು ಸುಮ್ಮನಾಗಿದ್ದಳು.

ಅಷ್ಟರಲ್ಲಿ ಅವನು ಮಸೀದಿಯಿಂದ ಬಂದ. ಹೆಂಡತಿಯ ಕೈಯಲ್ಲಿದ್ದದ್ದನ್ನು ನೋಡಿ ಬಾಗಿಲಲ್ಲೇ ನಿಂತ.

"ಏನಿದು?" ಎಂದಳು ಶಮಶಾದಬಿ.

"ವಸಡಿಂದು. ಹಲ್ಲ ನೋಯಾಕತ್ತೈತಿ."

"ಯಾವ ಹಲ್ಲು? ಇದ್ದ ಹಲ್ಲೆಲ್ಲಾ ಹ್ವಾದ ವರ್ಷ ತಗಿಸಿ ಬಂದೀರಿ. ಮುಂದಿನ ನಾಕ ಉಳದಾವ, ಅವೂ ಗಟ್ಟಿ ಅದಾವ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಇಬ್ರಾಹಿಂಸಾಬ ಅವಳ ಕೈಯಿಂದ ಉಂಡೆಯನ್ನು ಕಿತ್ತುಕೊಂಡು ಜೇಬಿಗೆ ಹಾಕಿದ. ಆಮೇಲೆ ಕೆಮ್ಮು ಬಂತು. ಅವನು ಗೋಡೆಗೆ ಮುಖ ಮಾಡಿ ಕೆಮ್ಮುತ್ತಲೇ ಇದ್ದ, ಅವಳು ಪೊರಕೆ ಹಿಡಿದು ನಿಂತೇ ಇದ್ದಳು.

ಕೆಮ್ಮು ಆ ಮನೆಗೆ ಸೊಸೆಯರಿಗಿಂತ ಮೊದಲು ಬಂದದ್ದು. ಇಬ್ರಾಹಿಂಸಾಬನ ಅಜ್ಜ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದಾಗಲೂ ಕೆಮ್ಮುತ್ತಿದ್ದ. ಅಪ್ಪ ಮುದ್ದೇಬಿಹಾಳದ ಬಜಾರದ ಹಿಂದಿನ ಓಣಿಯಲ್ಲಿ ಅಂಗಡಿ ಹಾಕಿ, ಕರೆಂಟಿನ ಮಷಿನ್ ತಂದು, ಕೆಮ್ಮುತ್ತಲೇ ತೀರಿಕೊಂಡ. ಅರಳೆ ಹಿಂಜುವ ನದಾಫರ ಮನೆ ಎಲ್ಲಿ ಎಂದು ಕೇಳಿದವರಿಗೆ ಓಣಿಯವರು "ಕೆಮ್ಮು ಕೇಳಿದಲ್ಲಿ ನಿಂದರ್ರಿ" ಎಂದು ದಾರಿ ತೋರಿಸುತ್ತಿದ್ದರು. ಜ್ವರ ಬಂದರೆ ಕಾಯಿಲೆ, ಕಾಲು ಮುರಿದರೆ ಕಾಯಿಲೆ. ಅರಳೆಯ ಕೆಮ್ಮನ್ನು ಆ ಮನೆಯವರು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೋದ ಸಲ ವಿಜಾಪುರದ ದವಾಖಾನೆಯಲ್ಲಿ ಡಾಕ್ಟರಬಾಯಿ "ಮನ್ಯಾಗ ಯಾರಿಗರೆ ಬಾಳ ದಿನದ ಕೆಮ್ಮು ಐತೇನು? ಟಿ.ಬಿ. ಆಗಿತ್ತೇನು?" ಎಂದು ಕೇಳಿದಾಗ ತಾಯಿ ಮಗಳು ಇಬ್ಬರೂ ಒಟ್ಟಿಗೆ ಇಲ್ಲವೆಂದು ತಲೆ ಅಲ್ಲಾಡಿಸಿದ್ದರು. ಸುಳ್ಳು ಹೇಳಬೇಕೆಂದು ಇಬ್ಬರಿಗೂ ಇರಲಿಲ್ಲ. ಮದುವೆ ಸುಗ್ಗಿಯ ಕೆಲಸವೆಂದು ಇಬ್ರಾಹಿಂಸಾಬ ಆ ದಿನ ಅವರ ಜೊತೆ ಹೋಗಿರಲಿಲ್ಲ.

ಮೆಹರುನ್ನಿಸಾಳ ಕಾಯಿಲೆಗೆ ಊರಿನಲ್ಲಿ ಹೆಸರು ಇಡದವರೇ ಇಲ್ಲ. ಮೊದಲು ಮೂಲವ್ಯಾಧಿ ಎಂದರು, ಆಮೇಲೆ ಆಮಶಂಕೆ ಎಂದರು, ಯಾರದೋ ಕಣ್ಣು ಬಿದ್ದಿದೆ ಎಂದು ದರ್ಗಾದ ದಾರವೂ ಕೊರಳಿಗೆ ಬಂತು. ಅವಳು ಮಾರ್ಕೆಟ್ ಯಾರ್ಡಿನಲ್ಲಿ ರೇವಪ್ಪನ ಅಡತಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ತೊಗರಿ, ಜೋಳದ ತೂಕ ಬರೆಯುವ ಕೆಲಸದಲ್ಲಿದ್ದಳು. ಪಾಯಖಾನೆ ಯಾರ್ಡಿನ ಆ ತುದಿಗೆ. ಮೂಟೆಗಳ ನಡುವೆ, ಹಮಾಲರ ನಡುವೆ ಅವಳು ಮೊದಮೊದಲು ಬಿರಬಿರನೆ ನಡೆದು ಹೋಗುತ್ತಿದ್ದಳು, ಆಮೇಲೆ ಓಡುತ್ತಿದ್ದಳು. ಕೊನೆಕೊನೆಗೆ ಬೆಳಿಗ್ಗೆಯಿಂದ ನೀರೇ ಮುಟ್ಟದೆ ಕೂತಿರುತ್ತಿದ್ದಳು. ಒಂದು ದಿನ ದಾರಿಯಲ್ಲೇ ಆಯಿತು. ಅಂದು ಮನೆಗೆ ಬಂದವಳು ಮತ್ತೆ ಯಾರ್ಡಿಗೆ ಹೋಗಲಿಲ್ಲ.

ವಿಜಾಪುರದಲ್ಲಿ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಒಳಗೋಡೆಯ ತುಂಬ ಹುಣ್ಣು. ಗುಳಿಗೆ ಶುರುವಾಯಿತು. ರಕ್ತ ನಿಂತಿತು, ಮುಖ ದುಂಡಗಾಯಿತು. ಓಣಿಯ ಹೆಂಗಸರು "ಮೆಹರು ಮೈ ಹಿಡದಾಳ, ಇನ್ನ ವರಾ ನೋಡ್ರಿ" ಎಂದು ಖುಷಿಪಟ್ಟರು. ಅದು ಗುಳಿಗೆಯ ಬಾವು ಎಂದು ಯಾರ ಮುಂದೆ ಹೇಳುವುದು? ಗುಳಿಗೆ ಕಡಿಮೆ ಮಾಡಿದ ವಾರದಲ್ಲೇ ರಕ್ತ ಮತ್ತೆ ಬಂತು. ಆಗಲೇ ಆ ಡಾಕ್ಟರಬಾಯಿ, ಡಾಕ್ಟರ್ ರಾಜಶ್ರೀ, ಇಂಜೆಕ್ಷನ್ನಿನ ಮಾತು ತೆಗೆದದ್ದು.

"ರಕ್ತದಾಗ ಬಿಳಿ ಕಣ ಅದಾವಲ್ಲವಾ, ಅವು ನಮ್ಮ ಕಾವಲಿನವು" ಎಂದು ಆಕೆ ನಿಧಾನವಾಗಿ ಹೇಳಿದ್ದರು. "ಹೊರಗಿಂದ ಕ್ರಿಮಿ ಬಂದ್ರ ಗುದ್ದಾಡಾಕ ಇರೂವಂಥವು. ನಿಮ್ಮ ಮಗಳ ಕರುಳಿನ್ಯಾಗ ಅವು ವೈರಿ ಇಲ್ಲದಽ ಗುದ್ದಾಡಾಕ ನಿಂತಾವ. ಒಂದು ಕಣ ಕೂಗಿ ಇನ್ನೊಂದಕ್ಕ ಕರೀತೈತಿ, ಅದು ಮತ್ತೊಂದಕ್ಕ. ಆ ಹುಣ್ಣೆಲ್ಲಾ ಅವುಗಳ ಏಟಿಗೆ ಆಗಿದ್ದು."

"ನಮ್ಮವಽ ನಮಗ ಹೊಡೀತಾವೇನ್ರಿ?" ಎಂದು ಕೇಳಿದ್ದಳು ಶಮಶಾದಬಿ.

"ಹೌದವಾ."

"ಯಾಕ್ರಿ?"

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟಿದ್ದರು. "ಅದು ಇನ್ನೂ ಪೂರಾ ಯಾರಿಗೂ ಗೊತ್ತಾಗಿಲ್ಲ." ಎರಡು ವರ್ಷದಲ್ಲಿ ತನಗೆ ಗೊತ್ತಿಲ್ಲ ಎಂದ ಮೊದಲ ವೈದ್ಯೆ ಆಕೆ. ಶಮಶಾದಬಿಗೆ ಅಂದೇ ಆಕೆಯ ಮೇಲೆ ಭರವಸೆ ಹುಟ್ಟಿತ್ತು.

ಈಗ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಇಬ್ರಾಹಿಂಸಾಬ ಹೊಸ ಗಾದಿಯ ಮೇಲೆ ಕೂತ. ಅದು ರೇವಪ್ಪನ ಮಗಳ ಮದುವೆಗೆ ಮಾಡುತ್ತಿದ್ದ ಗಾದಿ. ಅರಳೆ ತುಂಬಿ ಆಗಿತ್ತು, ಹೊಲಿಗೆ ಬಾಕಿ ಇತ್ತು.

"ಯಾವಾಗಿಂದ ಬೀಳಾಕತ್ತೈತಿ?" ಎಂದಳು ಶಮಶಾದಬಿ.

"ರಂಜಾನ ಮುಗದಾಗಿಂದ."

"ಇವತ್ತಽ ದವಾಖಾನಿಗೆ ನಡೀರಿ."

"ಹೋಗಿ ಏನ ಮಾಡ್ಲಿ? ಕಫ ಕೊಡು ಅಂತಾರ. ಕೊಟ್ಟ ಮ್ಯಾಲ ಗುಳಿಗಿ ನುಂಗಿದ್ಯೋ ಇಲ್ಲೋ ಅಂತ ಕೇಳಾಕ ಮನೀ ಬಾಗಲಿಗೆ ಮಂದಿ ಬರ್ತಾರ. ಓಣಿ ತುಂಬ ಗೊತ್ತಾಕ್ಕೈತಿ. ಚಪ್ಪಲಿ ಹೊಲಿಯಾಂವಗ ಟಿ.ಬಿ. ಆದ್ರ ನಡದೀತು, ಗಾದಿ ಹೊಲಿಯಾಂವಗ? ನಾ ತುಂಬಿದ ಅರಳಿ ಮ್ಯಾಲ ಯಾರ ಮಲಗ್ತಾರ ಹೇಳು. ರೇವಪ್ಪ ಈ ಗಾದಿ ಓಣ್ಯಾಗ ಒಗದು ಹೋಗ್ತಾನ."

"ಮೆಹರು..."

"ಅಕಿ ಸಲುವಾಗಿನಽ ನಾ ಒಳಗ ಬರೂದು ಬಿಟ್ಟೇನಿ. ನನ್ನ ತಾಟ ನಾನಽ ತೊಳಕೊಂತೇನಿ, ನೀ ನೋಡಿಲ್ಲ. ಬರೂ ಗುರುವಾರ ಅಕಿ ಇಂಜೆಕ್ಷನ್ ಐತಿ, ಅದೊಂದು ಆಗಿ ಹೋಗಲಿ. ಅಕಿ ಕಾವಲಿನವಕ್ಕ ಶಕ್ತಿ ಬರಲಿ. ಆಮ್ಯಾಲ ನಾ ಸೋಲಾಪುರಕ್ಕ ಹೋಗಿ ತೋರಿಸಿ ಬರ್ತೇನಿ, ಯಾರಿಗೂ ಗೊತ್ತಾಗೂದಿಲ್ಲ." ಅವನು ಅವಳ ಕೈ ಹಿಡಿದು ತನ್ನ ಟೊಪ್ಪಿಗೆಯ ಮೇಲೆ ಇಟ್ಟುಕೊಂಡ. "ನನ್ನ ತೆಲಿ ಮ್ಯಾಲ ಆಣಿ ಮಾಡು. ಗುರುವಾರತನಕ ಬಾಯಿ ಬಿಡಬ್ಯಾಡ."

ಅವಳಿಗೆ ಸಿಟ್ಟೂ ಬಂತು, ಮರುಕವೂ ಬಂತು. ಮುಪ್ಪಿನ ಹಟ ಅಂದುಕೊಂಡದ್ದು ಇದಾಗಿತ್ತೇ? ತಿಂಗಳುಗಟ್ಟಲೆ ಈ ಧೂಳಿನಲ್ಲಿ ಒಬ್ಬನೇ ಮಲಗಿ, ತನ್ನ ತಟ್ಟೆ ತಾನೇ ತೊಳೆದುಕೊಂಡು, ಕೆಮ್ಮನ್ನು ದಿಂಬಿಗೆ ಒತ್ತಿಕೊಂಡವನ ತಲೆಯ ಮೇಲಿಂದ ಕೈ ಕಿತ್ತುಕೊಳ್ಳಲು ಅವಳಿಂದ ಆಗಲಿಲ್ಲ. ಆಣೆ ಮಾಡಿದಳು.

ಆದರೆ ಶಕ್ತಿ ಎಂಬ ಮಾತು ಅವಳ ತಲೆಯೊಳಗೆ ಕೂತುಬಿಟ್ಟಿತು. ಡಾಕ್ಟರಬಾಯಿ ಹೇಳಿದ್ದು ಶಕ್ತಿ ಬರುತ್ತದೆ ಎಂದೋ ಬೇರೇನೋ? ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ವರದಿ ಒಪ್ಪಿಸಿದವಳು ತಾನೇ. ಎಲ್ಲಿ ಏನು ತಪ್ಪಿ ಹೇಳಿದೆನೋ ಎಂದು ಅಳುಕಾಯಿತು.

ಮಧ್ಯಾಹ್ನ ಮೆಹರು ಹಿಂದಿನ ಕೋಣೆಯಲ್ಲಿ ಬೋರಲಾಗಿ ಮಲಗಿ ಮೊಬೈಲು ನೋಡುತ್ತಿದ್ದಳು. ಶಮಶಾದಬಿ ಅನ್ನ ಮೊಸರಿನ ತಟ್ಟೆ ಅವಳ ಪಕ್ಕಕ್ಕಿಟ್ಟು, ಏನೋ ಸುಮ್ಮನೆ ಕೇಳುವವಳ ಹಾಗೆ ಕೇಳಿದಳು. "ಆ ಇಂಜೆಕ್ಷನ್ ಕಾವಲಿನ ಕಣಕ್ಕ ಶಕ್ತಿ ಕೊಡತೈತಿ ಹೌದಲ್ಲ?"

ಮೆಹರು ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. "ಅವಕ್ಕ ಇನ್ನೂ ಶಕ್ತಿ ಕೊಟ್ರ ನಾ ಉಳದಂಗಽ! ಅವು ಒಂದಕ್ಕೊಂದು ಕೂಗಿ ಕರೀತಾವಲ್ಲವ್ವಾ, ಆ ದನಿ ಅಡಗಸೂ ಇಂಜೆಕ್ಷನ್ ಅದು. ಕೂಗು ಕೇಳಲಿಲ್ಲ ಅಂದ್ರ ಅವು ಸುಮ್ಮಾಗ್ತಾವ, ಕರುಳ ಮಾಯತೈತಿ."

"ಅವು ಸುಮ್ಮಾದಾಗ ಬ್ಯಾರೆ ಕ್ರಿಮಿ ಹೊಕ್ಕರ?"

"ಅದಕ್ಕಽ ಅವರು ಟಿ.ಬಿ. ಕೇಳಿದ್ದು. ಟಿ.ಬಿ. ಕ್ರಿಮಿ ಮೈಯಾಗ ಹೊಕ್ಕರೂ ಕಾವಲಿನ ಕಣ ಅದರ ಸುತ್ತ ಗ್ವಾಡಿ ಕಟ್ಟಿದಂಗ ನಿಂತಿರ್ತಾವಂತ. ವರ್ಷಗಟ್ಲೆ ಹಿಡದು ಇಡ್ತಾವಂತ, ನಮಗ ಗೊತ್ತಽ ಆಗೂದಿಲ್ಲ. ಇಂಜೆಕ್ಷನ್ ಕೊಟ್ರ ಆ ಗ್ವಾಡಿ ಬಿಚ್ಚತೈತಿ. ಆಮ್ಯಾಲ ಅದು ಮೈ ತುಂಬ ಹಬ್ಬತೈತಿ, ಜೀವಾನೂ ಹೋಗತೈತಿ." ಇಷ್ಟು ಹೇಳಿ ಮೆಹರು ತಟ್ಟೆ ಎಳೆದುಕೊಂಡಳು. "ನಮಗೇನ ಅಂಜಿಕಿ ಇಲ್ಲ ಬಿಡು. ನಮ್ಮ ಮನ್ಯಾಗ ಯಾರಿಗೈತಿ?"

ಅಂಗಡಿಯಿಂದ ಇಬ್ರಾಹಿಂಸಾಬನ ಕೆಮ್ಮು ಕೇಳಿಸಿತು. ಮೆಹರು ತಲೆ ಎತ್ತಲಿಲ್ಲ. ತೊಟ್ಟಿಲಿನಿಂದ ಕೇಳಿಕೊಂಡು ಬಂದ ಸದ್ದದು.

"ರೇವಪ್ಪ ಕಾಕಾಗ ಫೋನ್ ಮಾಡಿದ್ದೆ. ಬರೂ ತಿಂಗಳ ಕೆಲಸಕ್ಕ ಬರ್ತೇನಿ ಅಂತ ಹೇಳೇನಿ. ಬಾ ಅಂದಾರ. ಅಲ್ಲೀತನಕ ನನ್ನ ಜಾಗಾ ಯಾರಿಗೂ ಕೊಡೂದಿಲ್ಲಂತ." ಹೇಳುವಾಗ ಅವಳ ಬಾವು ಬಂದ ಮುಖದಲ್ಲಿ ಹಳೆಯ ಮೆಹರು ಕಾಣಿಸಿಕೊಂಡಳು. ಆ ಮುಖ ನೋಡಿ ಶಮಶಾದಬಿ ಎದ್ದುಬಿಟ್ಟಳು.

ಅವಳು ನೆಟ್ಟಗೆ ಅಂಗಡಿಗೆ ಹೋಗಿ, ಮಷಿನ್ನಿನ ಸ್ವಿಚ್ ಆರಿಸಿ, ಗಂಡನಿಗೆ ಮಗಳು ಹೇಳಿದ್ದನ್ನೆಲ್ಲ ಹೇಳಿದಳು. ಶಕ್ತಿ ಕೊಡುವುದಲ್ಲ, ಸುಮ್ಮನಾಗಿಸುವುದು. ಒಳಗೆ ಹೊಕ್ಕಿದ್ದರೆ ಬಿಚ್ಚಿಕೊಳ್ಳುತ್ತದೆ. ಇಬ್ರಾಹಿಂಸಾಬ ದಬ್ಬಣಕ್ಕೆ ದಾರ ಏರಿಸುತ್ತ ಕೇಳಿಸಿಕೊಂಡ.

"ಅಕಿಗೆ ಪರೀಕ್ಷಿ ಮಾಡ್ಯಾರಿಲ್ಲೋ? ಕೈಗೆ ಚುಚ್ಚಿ ನೋಡ್ಯಾರ, ಎದಿ ಫೋಟೋ ತಗದಾರ. ಟಿ.ಬಿ. ಇಲ್ಲ ಅಂತ ಬಂದೈತಿ. ಅಷ್ಟ ದೊಡ್ಡ ದವಾಖಾನ್ಯಾಗ ಇಲ್ಲ ಅಂದದ್ದು ನೀ ಐತಿ ಅಂತಿ ಏನು?"

ಅವನು ಹೇಳಿದ್ದೇ ಸರಿ ಇದ್ದರೂ ಇರಬಹುದು. ಹಾಗಂದುಕೊಂಡು ಅವಳು ಗುರುವಾರದವರೆಗೂ ರೊಟ್ಟಿ ಬಡಿದಳು, ಗಾದಿಯ ಮೇಲುಹೊದಿಕೆಯ ಗಲೀಫು ಹೊಲಿದಳು, ಯಾವುದರಲ್ಲೂ ಮನಸ್ಸಿರಲಿಲ್ಲ. ಗಂಡ ಕೆಮ್ಮಿದಾಗ ಮಗಳನ್ನು ನೋಡುತ್ತಿದ್ದಳು, ಮಗಳು ಪಾಯಖಾನೆಗೆ ಓಡಿದಾಗ ಗಂಡನನ್ನು ನೋಡುತ್ತಿದ್ದಳು. ಒಬ್ಬರ ರಕ್ತ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಬಟ್ಟೆ ಒಗೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಗುರುವಾರ ಮೂವರೂ ಬಸ್ಸು ಹತ್ತಿದರು. ಈ ಸಲ ನಾನೂ ಬರುತ್ತೇನೆ ಎಂದು ಇಬ್ರಾಹಿಂಸಾಬ ತಾನಾಗಿಯೇ ಹೊರಟಿದ್ದ. ತಾಯಿ ಮಗಳಿಂದ ದೂರ, ಹಿಂದಿನ ಕಿಟಕಿಯ ಪಕ್ಕ ಕೂತು, ಟವೆಲನ್ನು ಬಾಯಿಗೆ ಸುತ್ತಿಕೊಂಡಿದ್ದ. ಮೆಹರು ಬೆಳಿಗ್ಗೆಯಿಂದ ಚಹಾ ಕೂಡ ಕುಡಿದಿರಲಿಲ್ಲ. ಆದರೂ ಬಸ್ಸು ಬಸವನ ಬಾಗೇವಾಡಿ ಮುಟ್ಟುವ ಮೊದಲೇ ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿದ್ದಳು. ಬಸ್‌ಸ್ಟ್ಯಾಂಡಿಗೆ ಹೊಕ್ಕ ಬಸ್ಸು ಪೂರ್ತಿ ನಿಲ್ಲುವುದರೊಳಗೆ ಇಳಿದು ಓಡಿದಳು. ಶಮಶಾದಬಿ ಅವಳ ಬ್ಯಾಗು ಹಿಡಿದು ಹಿಂದೆ ಓಡಿದಳು.

ಹೆಂಗಸರ ಕಡೆ ಸಾಲಿತ್ತು. ಮೆಹರು ಯಾರನ್ನೋ ಬೇಡಿಕೊಂಡು ಒಳಗೆ ಹೋದಳು. ಹೊರಗೆ ಬಾಗಿಲು ಕಾಯುತ್ತ ನಿಂತ ಶಮಶಾದಬಿಗೆ ಬಸ್ಸಿನ ಹಾರ್ನು ಕೇಳಿಸಿತು, ಒಂದಲ್ಲ, ಮೇಲಿಂದ ಮೇಲೆ. ತಿರುಗಿ ನೋಡಿದರೆ ಬಸ್ಸಿನ ಇಂಜಿನ್ನು ಶುರುವಾಗಿತ್ತು. ಅದರ ಮುಂದೆ, ಎರಡೂ ಕೈಯನ್ನು ಬಸ್ಸಿನ ಮೂತಿಗೆ ಒತ್ತಿ, ಇಬ್ರಾಹಿಂಸಾಬ ನಿಂತಿದ್ದ.

"ಏ ಸಾಬ್ರ, ಸರೀರಿ ಅತ್ಲಾಗ! ಹೊತ್ತಾಗೈತಿ ನಮಗ" ಎಂದು ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ನನ್ನ ಮಗಳ ಬರೂತನಕ ಸರಿಯೂದಿಲ್ಲ. ಹಾಯಿಸಿಕೊಂಡು ಹೋಗ್ತಿ ಅಂದ್ರ ಹೋಗು."

"ಅಕಿ ಏನ ಸಂತಿ ಮಾಡಾಕ ಹೋಗ್ಯಾಳನು?" ಎಂದು ಒಳಗಿನಿಂದ ಯಾರೋ ಅಂದರು. ಕೆಲವರು ನಕ್ಕರು. ಇಬ್ರಾಹಿಂಸಾಬ ಕೆಮ್ಮು ಬಂದು ಬಾಗಿದ, ಆದರೆ ಬಸ್ಸಿನ ಮೇಲಿನ ಕೈ ತೆಗೆಯಲಿಲ್ಲ. ಮೆಹರು ದುಪಟ್ಟಾದಿಂದ ಅರ್ಧ ಮುಖ ಮುಚ್ಚಿಕೊಂಡು ಬಂದು, ಯಾರ ಕಡೆಯೂ ನೋಡದೆ ಹತ್ತಿದ ಮೇಲೆಯೇ ಅವನು ಪಕ್ಕಕ್ಕೆ ಸರಿದದ್ದು. ಅವನು ಹತ್ತುವಾಗ ಕಂಡಕ್ಟರು ಬಾಯಿಗೆ ಬಂದಂತೆ ಬೈದ. ಅದನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಶಮಶಾದಬಿಗೆ ವಿಜಾಪುರದವರೆಗೂ ಅದೊಂದೇ ಯೋಚನೆ. ಮಗಳಿಗಾಗಿ ಬಸ್ಸಿಗೆ ಎದೆ ಕೊಟ್ಟು ನಿಲ್ಲುತ್ತಾನೆ, ಮಗಳಿಗಾಗಿ ಎರಡು ಮಾತು ಹೇಳು ಎಂದರೆ ಆಗುವುದಿಲ್ಲ. ಗಂಡಸರ ಧೈರ್ಯ ಎಲ್ಲಿರುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಅವಳಿಗೆ ಇಷ್ಟು ವರ್ಷ ಸಂಸಾರ ಮಾಡಿಯೂ ತಿಳಿದಿರಲಿಲ್ಲ.

ದವಾಖಾನೆಯಲ್ಲಿ ಮಂಚ ಸಿದ್ಧವಾಗಿತ್ತು. ನರ್ಸ್ ಮೆಹರುಳ ಕೈಗೆ ಸೂಜಿ ಹಾಕಿ, ಸಲೈನಿನ ನಳಿಕೆಗೆ ಪಟ್ಟಿ ಅಂಟಿಸಿದಳು. ಔಷಧ ಐಸಿನ ಡಬ್ಬಿಯಲ್ಲಿತ್ತು, ಬೆರಳುದ್ದದ ಬಾಟಲಿ. ಮೆಹರು ಅದನ್ನೇ ನೋಡುತ್ತಿದ್ದಳು. ಡಾಕ್ಟರ್ ರಾಜಶ್ರೀ ಬಂದು ಅವಳ ಭುಜ ತಟ್ಟಿ, ಬಾಗಿಲ ಹತ್ತಿರ ನಿಂತಿದ್ದ ಇಬ್ರಾಹಿಂಸಾಬನನ್ನು ನೋಡಿದರು.

"ನೀವು ತಂದೆಯವರೇನ್ರಿ?"

"ಹೌದ್ರಿ."

"ಔಷಧ ಒಮ್ಮೆ ಬೆರೆಸಿದ ಮ್ಯಾಲ ತಿರುಗಿ ಇಡಾಕ ಬರೂದಿಲ್ಲ. ಅದಕ್ಕ ಇನ್ನೊಮ್ಮೆ ಕೇಳ್ತೇನಿ. ಮನ್ಯಾಗ ಯಾರಿಗರೆ ಟಿ.ಬಿ. ಆಗಿತ್ತೇನು? ಬಾಳ ದಿನದ ಕೆಮ್ಮು, ಕಫದಾಗ ರಕ್ತ, ಹಿಂಗೇನರೆ?"

"ಇಲ್ರಿ" ಎಂದ ಇಬ್ರಾಹಿಂಸಾಬ.

"ನಿಮಗ?"

"ನಮ್ಮದು ಅರಳಿ ಧಂದೇರಿ. ಧೂಳ ಇರತೈತಿ. ಮತ್ತೇನಿಲ್ರಿ."

ಅಷ್ಟು ಹೇಳುವುದರೊಳಗೆ ಒಂದು ಕೆಮ್ಮು ಅವನ ಗಂಟಲಿಗೆ ಬಂದದ್ದು ಶಮಶಾದಬಿಗೆ ಕಾಣಿಸಿತು. ಅವನು ತುಟಿ ಬಿಗಿಹಿಡಿದ. ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ತುಂಬಿ, ಮುಖ ಕಪ್ಪಿಟ್ಟಿತು. ಡಾಕ್ಟರಬಾಯಿ ಆಗಲೇ ನರ್ಸಿನ ಕಡೆ ತಿರುಗಿ ತಲೆ ಆಡಿಸಿದ್ದರು. ನರ್ಸ್ ಬಾಟಲಿಯ ಮುಚ್ಚಳ ಎತ್ತಲು ಉಗುರು ಹಾಕಿದಳು. ಶಮಶಾದಬಿ ಮಗಳ ಮುಖ ನೋಡಿದಳು. ಅಲ್ಲಿ ಎಷ್ಟು ಆಸೆ ಇತ್ತೆಂದರೆ ಅವಳಿಗೆ ನೋಡಲಾಗಲಿಲ್ಲ.

"ತಡೀರಿ" ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಇವರಿಗೆ ರಕ್ತ ಬೀಳತೈತ್ರಿ. ಕೆಮ್ಮಿನ್ಯಾಗ. ರಂಜಾನ ಮುಗದಾಗಿಂದ ಬೀಳಾಕತ್ತೈತ್ರಿ."

ಇಬ್ರಾಹಿಂಸಾಬ ಹಿಡಿದಿಟ್ಟ ಕೆಮ್ಮು ಒಡೆದು ಬಂತು. ಬಾಗಿಲ ಚೌಕಟ್ಟು ಹಿಡಿದು, ಟವೆಲಿಗೆ ಬಾಯಿ ಒತ್ತಿ, ಅವನು ಕೆಮ್ಮಿದ. ನರ್ಸ್ ಹಿಂದೆ ಸರಿದಳು. ಡಾಕ್ಟರಬಾಯಿ ಡ್ರಾಯರಿನಿಂದ ಮಾಸ್ಕ್ ತೆಗೆದು ಮೊದಲು ಅವನಿಗೆ ಕೊಟ್ಟರು, ಆಮೇಲೆ ಮೆಹರುಗೆ.

"ಔಷಧ ಫ್ರಿಜ್ಜಿಗಿಡು" ಎಂದರು ನರ್ಸಿಗೆ.

ಆಕೆ ಬೈಯಲಿಲ್ಲ. ಕೂರಿಸಿ ಒಂದೊಂದಾಗಿ ಕೇಳಿದರು. ಇಬ್ರಾಹಿಂಸಾಬ ನೆಲ ನೋಡಿಕೊಂಡು ಉತ್ತರಿಸಿದ. ಮೆಹರುಗೆ ಪರೀಕ್ಷೆ ಮಾಡಿ ಇಲ್ಲವೆಂದು ಬಂದಿತ್ತಲ್ಲ ಎಂದು ಒಮ್ಮೆ ತಡವರಿಸಿದ.

"ಆ ಪರೀಕ್ಷೆಗೆ ಉತ್ತರ ಕೊಡೂವು ಅವಽ ಕಾವಲಿನ ಕಣ. ಇಷ್ಟ ದಿನ ನುಂಗಿದ ಗುಳಿಗಿಲಿಂದ ಅವು ಅರೆನಿದ್ದ್ಯಾಗ ಅದಾವ. ಒಳಗ ಕ್ರಿಮಿ ಇದ್ರೂ ಇಲ್ಲ ಅನಬಹುದು. ಅದಕ್ಕಽ ನಾನು ಬಾಯಿಂದ ಕೇಳೂದು." ಆಕೆ ಮೆಹರು ಕಡೆ ತಿರುಗಿದರು. "ಮೊದಲು ಇವರ ಕಫ ನೋಡೋಣ. ನಿನಗ ಎದಿಯ ಸ್ಕ್ಯಾನ್ ಮಾಡೋಣ. ಟಿ.ಬಿ. ಅಂತಾದ್ರ ಅದರ ಗುಳಿಗಿ ಮೊದಲು, ಇಂಜೆಕ್ಷನ್ ಆಮ್ಯಾಲ."

"ಎಷ್ಟ ದಿನರಿ ಮೇಡಂ?"

"ಕಡಿಮಿ ಅಂದ್ರ ಒಂದು ತಿಂಗಳು. ಒಳಗ ಏನರೆ ಕಂಡ್ರ ಇನ್ನೂ ಹೆಚ್ಚು."

"ಗಾದಿ..." ಎಂದ ಇಬ್ರಾಹಿಂಸಾಬ.

"ಗಾದಿಲಿಂದ ಹರಡೂದಿಲ್ರಿ. ಉಸಿರಿಲಿಂದ ಹರಡತೈತಿ."

"ಅದನ್ನ ಮುದ್ದೇಬಿಹಾಳದ ಮಂದಿಗೆ ಯಾರ ಹೇಳ್ತಾರ್ರಿ?"

ಡಾಕ್ಟರಬಾಯಿ ಚೀಟಿ ಬರೆದು ಹೊರಗೆ ಹೋದರು. ನರ್ಸ್ ಮೆಹರುಳ ಕೈಯಿಂದ ಸೂಜಿ ತೆಗೆದು ಹತ್ತಿ ಒತ್ತಿದಳು. ಮೆಹರು ತಾಯಿಯ ಕಡೆ ತಿರುಗಿದಳು.

"ನಿನಗ ಯಾವಾಗ ಗೊತ್ತಾತು?"

"ಎಂಟ ದಿನ ಆತು."

"ಗ್ವಾಡಿ ಬಿಚ್ಚತೈತಿ ಅಂತ ನಾನಽ ಹೇಳಿದ್ನಲ್ಲ ನಿನಗ. ಜೀವಾ ಹೋಗತೈತಿ ಅಂತ ಹೇಳಿದ್ದೆ. ಅನ್ನದ ತಾಟ ಇಟ್ಟು ಎದ್ದು ಹೋದಿ." ಮೆಹರುಳ ದನಿ ಏರಲಿಲ್ಲ, ಅದೇ ಹೆಚ್ಚು ನೋಯಿಸಿತು. "ಸೂಜಿ ಚುಚ್ಚೂತನಕ ನೋಡಕೋತ ನಿಂತಿದ್ದೆಲ್ಲವ್ವಾ."

ಶಮಶಾದಬಿ ಗಂಡನನ್ನು ನೋಡಿದಳು. ಅವನಾದರೂ ಒಂದು ಮಾತು ಆಡಿಯಾನು ಎಂಬ ಆಸೆ. ಅವನು ಮಾಸ್ಕಿನ ಮೇಲಿಂದ ಅವಳನ್ನು ದಿಟ್ಟಿಸಿ, "ನನ್ನ ತೆಲಿ ಮ್ಯಾಲ ಕೈ ಇಟ್ಟಿದ್ದಿ" ಎಂದಷ್ಟೇ ಹೇಳಿ ಹೊರಗೆ ನಡೆದ. ಮಗಳೂ ದುಪಟ್ಟಾ ಸರಿಮಾಡಿಕೊಂಡು ಮಂಚದಿಂದ ಇಳಿದು ಹೋದಳು. ಯಾರಿಗಾಗಿ ಎಂಟು ದಿನ ಬೆಂದಳೋ ಆ ಇಬ್ಬರಿಗೂ ಅವಳು ಬೇಡವಾಗಿದ್ದಳು. ಅವಳು ಖಾಲಿ ಮಂಚದ ಪಕ್ಕದಿಂದ ಮಗಳ ಬ್ಯಾಗು ಎತ್ತಿಕೊಂಡು ಹೊರಟಳು.

ಕಫ ಕೊಡಬೇಕಾದದ್ದು ಹೊರಗೆ, ಗಾಳಿಯಾಡುವಲ್ಲಿ. ದವಾಖಾನೆಯ ಹಿಂದೆ ಬೇವಿನ ಮರದ ಕೆಳಗೆ ಇಬ್ರಾಹಿಂಸಾಬನನ್ನು ನಿಲ್ಲಿಸಿ, ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ನರ್ಸ್ ಹೋಗಿದ್ದಳು. ಶಮಶಾದಬಿ ಅಲ್ಲಿಗೆ ಬಂದಾಗ ಅವನು ಡಬ್ಬಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ. ಆಚೆ ಕಟ್ಟೆಯ ಮೇಲೆ ಬುತ್ತಿ ಉಣ್ಣುತ್ತ ಕೂತಿದ್ದವರು ನೋಡುತ್ತಿದ್ದರು. ಅವನು ಕೆಮ್ಮಲು ಹೋದ, ಬರಲಿಲ್ಲ. ಗಂಟಲು ಕೆರೆದ, ಉಗುಳು ಬಂತು. ಜನ್ಮವಿಡೀ ಕೆಮ್ಮಿದವನಿಗೆ ಆ ಹೊತ್ತಿನಲ್ಲಿ ಒಂದು ಕೆಮ್ಮು ಹುಟ್ಟಲಿಲ್ಲ.

"ಆಗೂದಿಲ್ಲ ನನಗ. ಮಂದಿ ನೋಡಾಕತ್ತಾರ" ಎಂದ ಗಾಳಿಗೆ ಹೇಳುವವನಂತೆ.

"ಅಪ್ಪಾ."

ಮೆಹರು ಬಂದಿದ್ದಳು. ಮಾಸ್ಕ್ ಹಾಕಿಕೊಂಡು, ಗಾಳಿ ಬರುವ ದಿಕ್ಕಿನಲ್ಲಿ, ಅವನಿಂದ ದೂರ ನಿಂತಿದ್ದಳು. "ಮಂದೀ ಕಡೆ ಬೆನ್ನ ಮಾಡು. ಡಬ್ಬಿ ಮುಚ್ಚಿ ಹಿಡೀಬ್ಯಾಡ, ಮುಚ್ಚಿ ಹಿಡದಷ್ಟೂ ನಾಚಿಕಿ ಹೆಚ್ಚಾಕ್ಕೈತಿ. ಎರಡ ವರ್ಷ ಆತು, ಬರೇ ಡಬ್ಬಿ ಕೊಡಕೋತ ಬಂದೇನಿ ನಾ. ನಂದು ಇದರಗಿಂತ ಹೊಲಸ ಡಬ್ಬಿ. ಕೈಯಾಗ ಹಿಡಕೊಂಡು ಗಂಡಸರ ಸಾಲಿನ್ಯಾಗ ನಿಂತೇನಿ."

ಇಬ್ರಾಹಿಂಸಾಬ ಡಬ್ಬಿಯ ಮೇಲೆ ಮುಚ್ಚಿದ್ದ ಕೈ ತೆಗೆದ.

"ಉಸಿರು ಒಳಗ ತಗೋ. ಇನ್ನಷ್ಟು. ಹಿಡಿ. ಬಿಡು. ಮತ್ತೊಮ್ಮೆ ತಗೋ. ಈಗ ಹೊಟ್ಟಿಯಿಂದ ಕೆಮ್ಮು."

ಅವನು ಜನರಿಗೆ ಬೆನ್ನು ಮಾಡಿ, ಮಾಸ್ಕ್ ಇಳಿಸಿ, ಮರಕ್ಕೆ ಒಂದು ಕೈ ಕೊಟ್ಟು ಬಾಗಿದ. ಕೆಮ್ಮು ಬಂತು. ಕಟ್ಟೆಯ ಮೇಲಿದ್ದವರು ಬುತ್ತಿ ಎತ್ತಿಕೊಂಡು ಆಚೆ ಸರಿದರು. ಅದು ನಿಲ್ಲುವವರೆಗೂ ಮೆಹರು ಕದಲದೆ ನಿಂತು ನೋಡಿದಳು. ಅವಳ ಕಣ್ಣಿಂದ ಇಳಿದ ನೀರು ಮಾಸ್ಕಿನ ಅಂಚಿಗೆ ಹೋಗಿ ನಿಲ್ಲುತ್ತಿತ್ತು.

ಇಬ್ರಾಹಿಂಸಾಬ ಡಬ್ಬಿಯನ್ನು ಮುಂದೆ ಚಾಚಿದ, ಮುಖ ಆ ಕಡೆಗೇ ಇತ್ತು. ಶಮಶಾದಬಿ ಹೋಗಿ ತೆಗೆದುಕೊಂಡಳು.

"ಮುಚ್ಚಳ ಬಿಗಿ ಮಾಡವ್ವಾ" ಎಂದಳು ಮೆಹರು ದೂರದಿಂದ. "ಸೆರಗಿನ್ಯಾಗ ಹಿಡೀಬ್ಯಾಡ. ಕೈಯಾಗ ಹಿಡಿ."

ಶಮಶಾದಬಿ ಮುಚ್ಚಳವನ್ನು ಎರಡು ಸಲ ತಿರುವಿದಳು. ಪರೀಕ್ಷೆಯ ಕಿಟಕಿ ಅಂಗಳದ ಆ ತುದಿಯಲ್ಲಿತ್ತು, ಅದರ ಮುಂದೆ ಉದ್ದ ಸಾಲಿತ್ತು. ಅವಳು ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು, ಸಾಲಿನ ಕೊನೆಯಲ್ಲಿ ಹೋಗಿ ನಿಂತಳು. ಅದು ಅವಳ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.